ಊರ ಹಣ, ಊರ ಲೆಕ್ಕ

ಬೆಳಗಾಗೆದ್ದು ನಾವು ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತೇವೆ. ಚರಂಡಿ ದಾಟಿ, ರಸ್ತೆಯಲ್ಲಿ ನಡೆದು ಶಾಲೆಗೆ ಬರುತ್ತೇವೆ. ಸಂಜೆ ಕತ್ತಲಾದಾಗ ಬೀದಿಯ ದೀಪ ಹೊತ್ತಿಕೊಳ್ಳುತ್ತದೆ. ನಲ್ಲಿ, ಚರಂಡಿ, ರಸ್ತೆ, ದೀಪ, ಇವೆಲ್ಲ ಯಾರವು ಎಂದು ಕೇಳಿದರೆ, ‘ಸರ್ಕಾರದವು’ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಸರ್ಕಾರಕ್ಕೆ ಹಣ ಎಲ್ಲಿಂದ ಬಂತು? ಅದು ನಮ್ಮ ಮನೆಗಳಿಂದಲೇ ಹೋದ ಹಣ. ಮನೆಯ ಕಂದಾಯ ಕಟ್ಟುವವನು ಮಾತ್ರ ತೆರಿಗೆದಾರನೆಂದು ತಿಳಿಯಬಾರದು. ಅಂಗಡಿಯಲ್ಲಿ ಒಂದು ಸಾಬೂನು ಕೊಂಡ ಕೂಲಿಯವಳೂ ಅದರ ಬೆಲೆಯೊಡನೆ ತೆರಿಗೆಯನ್ನು ತೆತ್ತಿರುತ್ತಾಳೆ. ಹೀಗೆ ಹನಿಹನಿಯಾಗಿ ಕೂಡಿದ ಹಣವೇ ಊರಿನ ಹಣ.

ಸ್ವಂತ ಹಣವನ್ನು ಖರ್ಚು ಮಾಡುವವನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಪರರ ಹಣವನ್ನು ಅವರ ಪರವಾಗಿ ಖರ್ಚು ಮಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಹಣದ ಒಡೆಯನಲ್ಲ; ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವನು. ಗ್ರಾಮ ಪಂಚಾಯಿತಿಯಾಗಲಿ ನಗರಸಭೆಯಾಗಲಿ ಇಂತಹ ಸ್ಥಾನದಲ್ಲಿರುವ ಸಂಸ್ಥೆ. ಎಷ್ಟು ಬಂತು, ಎಷ್ಟು ಹೋಯಿತು, ಯಾವುದಕ್ಕಾಗಿ ಹೋಯಿತು, ಉಳಿದದ್ದು ಎಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅದು ಉತ್ತರ ಕೊಡಲೇಬೇಕು. ಆ ಉತ್ತರವನ್ನು ಹೇಗೆ ಸಿದ್ಧಪಡಿಸುತ್ತಾರೆ, ಯಾರ ಮುಂದೆ ಒಪ್ಪಿಸುತ್ತಾರೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಊರಿನ ಲೆಕ್ಕವನ್ನು ಊರಿಗೆ ಒಪ್ಪಿಸಬೇಕೆಂಬ ಭಾವನೆ ನಮ್ಮ ದೇಶಕ್ಕೆ ಹೊಸದಲ್ಲ. ತಮಿಳುನಾಡಿನ ಕಾಂಚೀಪುರದ ಬಳಿ ಉತ್ತರಮೇರೂರು ಎಂಬ ಊರಿದೆ. ಅಲ್ಲಿನ ದೇವಾಲಯದ ಗೋಡೆಗಳ ಮೇಲೆ ಚೋಳ ಅರಸನಾದ ಒಂದನೆಯ ಪರಾಂತಕನ ಕಾಲದ, ಎಂದರೆ ಹತ್ತನೆಯ ಶತಮಾನದ ಮೊದಲ ಭಾಗದ, ಶಾಸನಗಳಿವೆ. ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಚೀಟಿ ಎತ್ತಿ ಆರಿಸುತ್ತಿದ್ದ ಕ್ರಮವನ್ನು ಅವು ವಿವರಿಸುತ್ತವೆ. ಯಾರು ಸದಸ್ಯರಾಗಲು ಅನರ್ಹರು ಎಂಬ ಪಟ್ಟಿಯೂ ಅಲ್ಲಿದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದೆ ಹೋದವನು ಆ ಪಟ್ಟಿಯಲ್ಲಿ ಬರುತ್ತಾನೆ. ಅವನೊಬ್ಬನೇ ಅಲ್ಲ, ಅವನ ಹತ್ತಿರದ ಬಂಧುಗಳೂ ಅನರ್ಹರು. ಆ ಸಭೆಯಲ್ಲಿ ಎಲ್ಲರಿಗೂ ಸ್ಥಾನವಿರಲಿಲ್ಲವೆಂಬುದು ನಿಜ. ಭೂಮಿ, ವಿದ್ಯೆ ಉಳ್ಳವರಿಗಷ್ಟೇ ಅದು ತೆರೆದಿತ್ತು. ಆದರೂ ಲೆಕ್ಕ ತಪ್ಪಿಸಿದವನ ಕೈಗೆ ಊರಿನ ಹಣವನ್ನು ಮತ್ತೆ ಕೊಡಬಾರದೆಂಬ ವಿವೇಕ ಸಾವಿರ ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಮೂಡಿತ್ತು.

ಕನ್ನಡ ನಾಡಿನಲ್ಲಿಯೂ ಲೆಕ್ಕಕ್ಕೆ ಗೌರವದ ಸ್ಥಾನವಿತ್ತು. ಸೇನಬೋವ, ಕರಣಿಕ, ಶಾನುಭೋಗ ಎಂಬ ಹೆಸರುಗಳು ನಮ್ಮ ಶಾಸನಗಳಲ್ಲಿಯೂ ಕಾಗದಪತ್ರಗಳಲ್ಲಿಯೂ ಮತ್ತೆ ಮತ್ತೆ ಬರುತ್ತವೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಾಡಿದ ಕಪ್ಪು ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಲಚೂರಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಮೇಲೆ ಹಣ ಪೋಲು ಮಾಡಿದರೆಂಬ ದೂರು ಬಂದಾಗ, ಭಂಡಾರವನ್ನು ಎಣಿಸಿ ನೋಡಲಾಗಿ ಏನೂ ಕಡಮೆಯಾಗಿರಲಿಲ್ಲವೆಂಬ ಕಥೆ ಪರಂಪರೆಯಿಂದ ಉಳಿದುಬಂದಿದೆ. ಕಳ್ಳನನ್ನು ಹಿಡಿಯುವುದಕ್ಕೆ ಲೆಕ್ಕ ಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ನಿರ್ದೋಷಿಯನ್ನು ಕಾಯುವುದಕ್ಕೂ ಲೆಕ್ಕವೇ ಬೇಕೆಂಬುದನ್ನು ಈ ಕಥೆ ನೆನಪಿಗೆ ತರುತ್ತದೆ.

ಆದರೆ ಹಿಂದಿನ ಆ ಲೆಕ್ಕ ಬಹುಮಟ್ಟಿಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಶಾನುಭೋಗನು ಅಮಲ್ದಾರನಿಗೆ, ಅಮಲ್ದಾರನು ಮೇಲಿನವರಿಗೆ ಒಪ್ಪಿಸುತ್ತಿದ್ದನು. ‘ಜಮಾಬಂದಿ’ ಎಂಬ ಶಬ್ದ ಆ ಕಾಲದ್ದು. ವರ್ಷಕ್ಕೊಮ್ಮೆ ಕಂದಾಯದ ಅಧಿಕಾರಿ ಊರಿನ ವಹಿಗಳನ್ನು ತರಿಸಿ, ಯಾವ ರೈತ ಎಷ್ಟು ಕೊಡಬೇಕು, ಎಷ್ಟು ಬಾಕಿ ಉಳಿಸಿದ್ದಾನೆ ಎಂದು ಇತ್ಯರ್ಥ ಮಾಡುವ ಕಾರ್ಯಕ್ಕೆ ಆ ಹೆಸರಿತ್ತು. ರೈತನು ಕೈಕಟ್ಟಿ ನಿಂತು ಉತ್ತರ ಹೇಳುತ್ತಿದ್ದನು. ತಾನು ಕೊಟ್ಟ ಹಣ ಏನಾಯಿತೆಂದು ಕೇಳುವ ಅಧಿಕಾರ ಅವನಿಗಿರಲಿಲ್ಲ. ಈ ಹಳೆಯ ಶಬ್ದವೇ ಇಂದು ಬೇರೊಂದು ಅರ್ಥದಲ್ಲಿ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಬಂದಿದೆ. ಆ ಸಂಗತಿಯನ್ನು ಮುಂದೆ ನೋಡೋಣ.

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷ ನಗರಗಳಿಗೆ ಸಂಬಂಧಪಟ್ಟ 74ನೆಯ ತಿದ್ದುಪಡಿಯೂ, ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಜಾರಿಯಾದವು. ಇವುಗಳ ಪ್ರಕಾರ ಗ್ರಾಮ ಪಂಚಾಯಿತಿಗೆ ತನ್ನದೇ ಆದ ನಿಧಿಯಿದೆ. ಆ ನಿಧಿಗೆ ಎರಡು ದಾರಿಗಳಿಂದ ಹಣ ಬರುತ್ತದೆ. ಮನೆ, ನಿವೇಶನಗಳ ತೆರಿಗೆ, ನೀರಿನ ದರ, ಸಂತೆಯ ಶುಲ್ಕ ಮೊದಲಾದವು ಪಂಚಾಯಿತಿಯೇ ಎತ್ತುವ ಸ್ವಂತ ಆದಾಯ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಂದ ಬರುವುದು ಅನುದಾನ. ಅನುದಾನದ ಹಣದಲ್ಲಿ ಸ್ವಲ್ಪ ಭಾಗವನ್ನು ಪಂಚಾಯಿತಿ ತನ್ನ ಇಷ್ಟದ ಕಾಮಗಾರಿಗೆ ಬಳಸಬಹುದು. ಉಳಿದದ್ದನ್ನು ಹೇಳಿದ ಕೆಲಸಕ್ಕೇ ಬಳಸಬೇಕು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಕೊಡಮಾಡಿದ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತು. ನೀರಿಗೆಂದು ಬಂದ ಹಣದಲ್ಲಿ ಸಭಾಂಗಣ ಕಟ್ಟಿಸಿದರೆ, ಹಣ ಯಾರ ಜೇಬಿಗೂ ಹೋಗದಿದ್ದರೂ, ಅದು ಲೆಕ್ಕದ ದೃಷ್ಟಿಯಲ್ಲಿ ತಪ್ಪೇ.

ನಮ್ಮಲ್ಲಿ ಲೆಕ್ಕದ ವರ್ಷ ಏಪ್ರಿಲ್ 1ರಂದು ಮೊದಲಾಗಿ ಮಾರ್ಚ್ 31ರಂದು ಮುಗಿಯುತ್ತದೆ. ವರ್ಷ ಆರಂಭವಾಗುವುದಕ್ಕೆ ಮೊದಲೇ ಪಂಚಾಯಿತಿ ತನ್ನ ಆಯವ್ಯಯದ ಅಂದಾಜನ್ನು ಸಿದ್ಧಪಡಿಸುತ್ತದೆ. ಇದು ಊರಿಗೆ ಕೊಟ್ಟ ಮಾತಿನಂತೆ. ವರ್ಷದ ಕೊನೆಯಲ್ಲಿ ಬರುವ ಲೆಕ್ಕವು ಆ ಮಾತನ್ನು ಎಷ್ಟರಮಟ್ಟಿಗೆ ನಡೆಸಿದರೆಂಬುದರ ವರದಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗಲೇ ಅರ್ಥ ಸ್ಪಷ್ಟವಾಗುತ್ತದೆ.

ವರ್ಷದ ಉದ್ದಕ್ಕೂ ಪ್ರತಿಯೊಂದು ರೂಪಾಯಿಯೂ ಒಂದು ಗುರುತನ್ನು ಬಿಟ್ಟು ಹೋಗಬೇಕು. ತೆರಿಗೆ ಕಟ್ಟಿದವನಿಗೆ ರಸೀದಿ ಕೊಡಬೇಕು. ಅದರ ಪ್ರತಿ ಕಚೇರಿಯಲ್ಲಿ ಉಳಿಯಬೇಕು. ಬಂದ ಹಣ ನಗದು ಪುಸ್ತಕದಲ್ಲಿ ದಾಖಲಾಗಿ ಬ್ಯಾಂಕಿಗೆ ಸೇರಬೇಕು. ಹಣ ಹೊರಗೆ ಹೋಗುವಾಗ ಬಿಲ್ಲು, ವೋಚರು ಇರಬೇಕು. ಕಾಮಗಾರಿಯಾದರೆ ಇಂಜಿನಿಯರು ಅಳೆದು ಅಳತೆ ಪುಸ್ತಕದಲ್ಲಿ ಬರೆದಿರಬೇಕು. ಹಣ ಕೊಡುವುದಕ್ಕೆ ಒಬ್ಬರ ಒಪ್ಪಿಗೆ ಸಾಲದು. ಮಾಡುವವನೊಬ್ಬ, ಅಳೆಯುವವನೊಬ್ಬ, ಹಣ ಕೊಡುವವನೊಬ್ಬ ಎಂದು ಕೆಲಸವನ್ನು ಹಂಚಿರುವುದು ಒಬ್ಬನ ತಪ್ಪು ಇನ್ನೊಬ್ಬನ ಕಣ್ಣಿಗೆ ಬೀಳಲೆಂದೇ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ತಿಳಿಯೋಣ. ಒಂದು ಸಣ್ಣ ಪಂಚಾಯಿತಿಯಲ್ಲಿ 600 ಮನೆಗಳಿವೆ, ಮನೆಯೊಂದಕ್ಕೆ ವರ್ಷಕ್ಕೆ 500 ರೂಪಾಯಿ ತೆರಿಗೆ ಎಂದು ಭಾವಿಸಿ. ವರ್ಷದ ಬೇಡಿಕೆ 3,00,000 ರೂಪಾಯಿ. ಹಿಂದಿನ ಬಾಕಿ 60,000 ಸೇರಿದರೆ 3,60,000. ಇದರಲ್ಲಿ ವಸೂಲಾದದ್ದು 2,40,000. ಇನ್ನೂ ಬರಬೇಕಾದದ್ದು 1,20,000 ರೂಪಾಯಿ. ವರ್ಷದ ಮೊದಲ ದಿನ ಪಂಚಾಯಿತಿಯ ಬಳಿ 1,40,000 ರೂಪಾಯಿ ಇತ್ತು. ನೀರಿನ ದರದಿಂದ 1,20,000, ಅನುದಾನದಿಂದ 12,00,000 ಬಂತು. ಮನೆ ತೆರಿಗೆಯೂ ಕೂಡಿ ಒಟ್ಟು 17,00,000 ರೂಪಾಯಿ. ಖರ್ಚಿನ ಕಡೆ ನೀರು ಸರಬರಾಜಿಗೆ 5,00,000, ಚರಂಡಿಗೆ 4,00,000, ಬೀದಿದೀಪಕ್ಕೆ 2,00,000, ಸಂಬಳ ಮತ್ತು ಕಚೇರಿಯ ವೆಚ್ಚಕ್ಕೆ 4,50,000. ಒಟ್ಟು 15,50,000 ಕಳೆದರೆ ಮಾರ್ಚ್ 31ರಂದು 1,50,000 ರೂಪಾಯಿ ಉಳಿಯಬೇಕು. ಬ್ಯಾಂಕಿನ ಪುಸ್ತಕದಲ್ಲಿಯೂ ಅಷ್ಟೇ ಇದ್ದರೆ ಎರಡೂ ತಾಳೆಯಾದವು ಎನ್ನುತ್ತೇವೆ.

ಲೆಕ್ಕ ಚೊಕ್ಕವಾಗಿದೆ ಎಂದು ಇಲ್ಲಿಗೆ ತೃಪ್ತರಾಗಬಹುದೇ? ಪಂಚಾಯಿತಿ ವಿದ್ಯುತ್ತಿನ ಬಿಲ್ಲಿನಲ್ಲಿ 1,30,000 ರೂಪಾಯಿಯನ್ನು ಕಟ್ಟದೆ ಉಳಿಸಿಕೊಂಡಿದೆ ಎಂದುಕೊಳ್ಳಿ. ಕೈಗೆ ಬಂದದ್ದು, ಕೈಯಿಂದ ಹೋದದ್ದು ಇಷ್ಟನ್ನೇ ಬರೆಯುವ ಲೆಕ್ಕದಲ್ಲಿ ಈ ಸಾಲ ಕಾಣಿಸುವುದೇ ಇಲ್ಲ. ಜನರಿಂದ ಬರಬೇಕಾದ 1,20,000ವೂ ಕಾಣಿಸುವುದಿಲ್ಲ. ಆದುದರಿಂದಲೇ ಬರಬೇಕಾದದ್ದನ್ನೂ ಕೊಡಬೇಕಾದದ್ದನ್ನೂ, ಊರಿಗೆ ಸೇರಿದ ಆಸ್ತಿಯನ್ನೂ ಒಟ್ಟಿಗೆ ತೋರಿಸುವ ಜೋಡಿ ನಮೂದಿನ ಪದ್ಧತಿ ಬಂದಿತು. ವ್ಯಾಪಾರಸ್ಥರು ಬಹುಕಾಲದಿಂದ ಬಳಸುತ್ತಿದ್ದ ಕ್ರಮವಿದು. ಕರ್ನಾಟಕದ ಪುರಸಭೆ ಮತ್ತು ಗ್ರಾಮ ಪಂಚಾಯಿತಿಗಳ ಆಯವ್ಯಯ ಹಾಗೂ ಲೆಕ್ಕಪತ್ರಗಳಿಗಾಗಿ 2006ರಲ್ಲಿ ಹೊಸ ನಿಯಮಗಳು ಬಂದು, ಈ ಕ್ರಮ ಅಲ್ಲಿಗೂ ಕಾಲಿಟ್ಟಿತು.

ಬರೆದವರೇ ಸರಿಯೆಂದರೆ ಸಾಲದು. ಬೇರೆಯವರು ನೋಡಿ ಸರಿಯೆನ್ನಬೇಕು. ಇದಕ್ಕೆ ಲೆಕ್ಕಪರಿಶೋಧನೆ ಎಂದು ಹೆಸರು. ಪಂಚಾಯಿತಿಗಳ ಲೆಕ್ಕದ ಪರಿಶೋಧನೆಗೆ ಸಂವಿಧಾನದ 243ಜೆ ಅನುಚ್ಛೇದವೂ, ನಗರಸಂಸ್ಥೆಗಳ ಲೆಕ್ಕಕ್ಕೆ 243ಜೆಡ್ ಅನುಚ್ಛೇದವೂ ಆಧಾರ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳ ಲೆಕ್ಕವನ್ನು ರಾಜ್ಯದ ಲೆಕ್ಕಪತ್ರ ಇಲಾಖೆಯವರು ಪರೀಕ್ಷಿಸುತ್ತಾರೆ. ವೋಚರಿಲ್ಲದ ಖರ್ಚು, ನಿಯಮ ಮೀರಿದ ಖರೀದಿ, ಬ್ಯಾಂಕಿಗೆ ಕಟ್ಟದ ಹಣ ಕಂಡರೆ ಆಕ್ಷೇಪಣೆ ಬರೆಯುತ್ತಾರೆ. ಅದಕ್ಕೆ ಸಮಾಧಾನಕರವಾದ ಉತ್ತರ ಕೊಡದಿದ್ದರೆ, ಹೊಣೆಯಾದವರಿಂದಲೇ ಆ ಮೊತ್ತವನ್ನು ವಸೂಲು ಮಾಡಲು ಅವಕಾಶವಿದೆ.

ಆದರೆ ಪರಿಶೋಧಕನ ಮುಂದಿರುವುದು ಮುಖ್ಯವಾಗಿ ಕಾಗದ. ನಮ್ಮ ಉದಾಹರಣೆಯ ಚರಂಡಿಯನ್ನೇ ತೆಗೆದುಕೊಳ್ಳಿ. ನೂರು ಮೀಟರು ಉದ್ದ, ಮೀಟರಿಗೆ 4,000 ರೂಪಾಯಿ, ಒಟ್ಟು 4,00,000. ಬಿಲ್ಲಿದೆ, ಅಳತೆ ಪುಸ್ತಕವಿದೆ, ಸಹಿಗಳಿವೆ. ಆದರೆ ನೆಲದ ಮೇಲೆ ಇರುವ ಚರಂಡಿ ಎಪ್ಪತ್ತೇ ಮೀಟರು! ಲೆಕ್ಕದಲ್ಲಿ ಒಂದು ಪೈಸೆಯ ಕೂಡಿಕೆಯೂ ತಪ್ಪಿಲ್ಲ. ಆದರೂ 1,20,000 ರೂಪಾಯಿ ಕಾಣೆಯಾಗಿದೆ. ಇದು ಮೊದಲು ಯಾರಿಗೆ ಗೊತ್ತಾಗುತ್ತದೆ? ಚರಂಡಿ ತನ್ನ ಮನೆಯವರೆಗೆ ಬಾರದೆ, ಅಂಗಳದಲ್ಲಿ ಕೊಳಚೆ ನೀರು ನಿಂತ ಮನೆಯವಳಿಗೆ ಗೊತ್ತಾಗುತ್ತದೆ. ಅವಳಿಗೆ ಅಳತೆ ಪುಸ್ತಕದಲ್ಲಿ ಏನು ಬರೆದಿದೆಯೆಂಬುದು ತಿಳಿಯದು. ಪರಿಶೋಧಕನಿಗೆ ಅವಳ ಅಂಗಳ ತಿಳಿಯದು. ಇವರಿಬ್ಬರ ತಿಳಿವಳಿಕೆ ಒಂದೆಡೆ ಕೂಡುವಂತೆ ಮಾಡುವುದು ಹೇಗೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ರಾಜಸ್ಥಾನದ ಹಳ್ಳಿಗರು ಒಂದು ಸರಳವಾದ ಉತ್ತರ ಕಂಡುಕೊಂಡರು. ಅಲ್ಲಿ ಬರಗಾಲದ ಕಾಮಗಾರಿಗಳಲ್ಲಿ ದುಡಿದವರಿಗೆ ನ್ಯಾಯವಾದ ಕೂಲಿ ಸಿಕ್ಕುತ್ತಿರಲಿಲ್ಲ. 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಎಂಬ ಕೂಲಿಕಾರರ ಮತ್ತು ರೈತರ ಸಂಘ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬಲ್ಲಿ ಬಹಿರಂಗ ವಿಚಾರಣೆಯೊಂದನ್ನು ನಡೆಸಿತು. ಕಾಮಗಾರಿಯ ಬಿಲ್ಲುಗಳನ್ನೂ ಹಾಜರಿ ಪಟ್ಟಿಗಳನ್ನೂ ಜನರ ಮುಂದೆ ಗಟ್ಟಿಯಾಗಿ ಓದಲಾಯಿತು. ಅಷ್ಟೇ ಸಾಕಾಯಿತು. ಪಟ್ಟಿಯಲ್ಲಿ ಹೆಸರಿದ್ದವರು, ತಾವು ಅಲ್ಲಿ ದುಡಿದೇ ಇಲ್ಲವೆಂದು ಎದ್ದು ಹೇಳಿದರು. ಕಾಗದದಲ್ಲಿ ಪೂರ್ತಿಯಾದ ಕಟ್ಟಡ ನಿಜವಾಗಿ ಅರ್ಧಕ್ಕೆ ನಿಂತಿತ್ತು. ಓದು ಬಾರದ ಜನ ಲೆಕ್ಕದ ತಪ್ಪು ಹಿಡಿದರು. ಏಕೆಂದರೆ ಆ ಲೆಕ್ಕದಲ್ಲಿದ್ದ ಊರೂ ಹೆಸರುಗಳೂ ಅವರವೇ ಆಗಿದ್ದವು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬುದು ಅವರ ಕೂಗಾಯಿತು. ಸರ್ಕಾರದ ದಾಖಲೆಗಳನ್ನು ನೋಡುವ ಹಕ್ಕಿಗಾಗಿ ನಡೆದ ಈ ಹೋರಾಟ ದೇಶದ ಇತರ ಕಡೆಗಳಿಗೂ ಹಬ್ಬಿತು. ಕರ್ನಾಟಕ 2000ದಲ್ಲಿಯೇ ಮಾಹಿತಿ ಹಕ್ಕಿನ ಕಾಯಿದೆಯೊಂದನ್ನು ಮಾಡಿತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಮಾಹಿತಿ ಹಕ್ಕಿನ ಕಾಯಿದೆ ಪೂರ್ಣವಾಗಿ ಜಾರಿಗೆ ಬಂದಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ವಹಿಸಿತು.

ಕರ್ನಾಟಕದಲ್ಲಿ ಇದೇ ಉದ್ದೇಶಕ್ಕಾಗಿ 2000ದಲ್ಲಿ ಗ್ರಾಮ ಪಂಚಾಯಿತಿಗಳ ಜಮಾಬಂದಿಗೆ ನಿಯಮಗಳು ಬಂದವು. ಹಿಂದಿನ ಹಣಕಾಸು ವರ್ಷದ ಲೆಕ್ಕವನ್ನು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳ ಸುಮಾರಿಗೆ, ಜನರ ಎದುರಿನಲ್ಲಿ ಪರೀಕ್ಷಿಸುತ್ತಾರೆ. ಮೇಲಿನ ಹಂತದ ಪಂಚಾಯಿತಿಯಿಂದ ನೇಮಕವಾದ ಅಧಿಕಾರಿಯ ತಂಡ ಬರುತ್ತದೆ. ವಹಿಗಳನ್ನು ನೋಡುತ್ತದೆ. ಬಳಿಕ ಊರವರೊಡನೆ ಕಾಮಗಾರಿ ನಡೆದ ಸ್ಥಳಕ್ಕೂ ಹೋಗುತ್ತದೆ. ಚರಂಡಿ ನೂರು ಮೀಟರು ಇದೆಯೇ ಎಂದು ಅಳೆಯುವುದು ಇಲ್ಲಿಯೇ. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಉತ್ತರ ಹೇಳಬೇಕಾದದ್ದು ಪಂಚಾಯಿತಿ. ಅಂದಿನ ಜಮಾಬಂದಿಯಲ್ಲಿ ಸರ್ಕಾರ ಕೇಳುತ್ತಿತ್ತು, ರೈತ ಹೇಳುತ್ತಿದ್ದ. ಇಂದಿನ ಜಮಾಬಂದಿಯಲ್ಲಿ ಪ್ರಜೆ ಕೇಳುತ್ತಾನೆ, ಆಡಳಿತ ಹೇಳುತ್ತದೆ. ಶಬ್ದ ಹಳೆಯದೇ ಆದರೂ ಅದರ ಮುಖ ತಿರುಗಿದೆ. ಪ್ರಜಾಪ್ರಭುತ್ವವೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ.

ಇದಲ್ಲದೆ ಮತದಾರರೆಲ್ಲರೂ ಸೇರುವ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕೆಂದು ವಿಧಿಯಿದೆ. ಅಲ್ಲಿಯೂ ಲೆಕ್ಕವನ್ನು ಮಂಡಿಸಬೇಕು.

ಪಟ್ಟಣಗಳಲ್ಲಿ ಹೀಗೆ ಎಲ್ಲರೂ ಒಂದೆಡೆ ಕೂಡುವುದು ಕಷ್ಟ. ನೆರೆಮನೆಯವರ ಪರಿಚಯವೇ ಇಲ್ಲದ ಕಡೆ ನಗರದ ಲೆಕ್ಕವನ್ನು ಯಾರು ಕೇಳಬೇಕು? ಬೆಂಗಳೂರಿನಲ್ಲಿ 2002ರ ಜುಲೈ ತಿಂಗಳಿನಲ್ಲಿ ನಾಲ್ಕು ನಾಗರಿಕ ಸಂಸ್ಥೆಗಳು ಕೂಡಿ ‘ಪ್ರೂಫ್’ ಎಂಬ ಹೆಸರಿನಿಂದ ಒಂದು ಪ್ರಯತ್ನ ಆರಂಭಿಸಿದವು. ಅಂದಿನ ಮಹಾನಗರ ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಆದಾಯ ವೆಚ್ಚಗಳನ್ನು ಆಯವ್ಯಯದ ಅಂದಾಜಿನೊಡನೆ ಹೋಲಿಸಿ ಜನರ ಮುಂದಿಡಬೇಕೆಂಬುದು ಅದರ ಆಶಯ. ಪಾಲಿಕೆ ಆ ವೇಳೆಗೆ ತನ್ನ ಲೆಕ್ಕದ ಪದ್ಧತಿಯನ್ನು ಸುಧಾರಿಸಿಕೊಂಡಿದ್ದುದರಿಂದ ಇದು ಸಾಧ್ಯವಾಯಿತು. ನಾಗರಿಕರು ಅಧಿಕಾರಿಗಳೊಡನೆ ಕುಳಿತು ಅಂಕಿಗಳನ್ನು ಓದಿದರು, ಚರ್ಚಿಸಿದರು. ವರ್ಷ ಕಳೆದ ಮೇಲೆ ತಪ್ಪು ಹುಡುಕುವುದಕ್ಕಿಂತ ವರ್ಷದ ನಡುವೆಯೇ ಪ್ರಶ್ನೆ ಕೇಳುವುದು ಮೇಲೆಂಬ ಪಾಠ ಇದರಿಂದ ದೊರೆಯಿತು.

ಇಂದು ಕಂಪ್ಯೂಟರಿನ ನೆರವಿನಿಂದ ಈ ಕೆಲಸ ಮತ್ತಷ್ಟು ಸುಲಭವಾಗಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳ ಲೆಕ್ಕ ‘ಪಂಚತಂತ್ರ’ ಎಂಬ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು ‘ಇ-ಗ್ರಾಮಸ್ವರಾಜ್’ ಎಂಬ ಜಾಲತಾಣವನ್ನು ತೆರೆಯಿತು. ಹದಿನೈದನೆಯ ಹಣಕಾಸು ಆಯೋಗ, ಲೆಕ್ಕಗಳನ್ನು ಎಲ್ಲರೂ ನೋಡುವಂತೆ ಜಾಲತಾಣದಲ್ಲಿ ಪ್ರಕಟಿಸುವುದನ್ನು ಅನುದಾನ ಪಡೆಯುವುದಕ್ಕೆ ಒಂದು ಷರತ್ತಾಗಿ ವಿಧಿಸಿತು. ಲೆಕ್ಕ ತೋರಿಸದವರಿಗೆ ಹಣವಿಲ್ಲ ಎಂಬುದು ಇದರ ತಾತ್ಪರ್ಯ. ಉತ್ತರಮೇರೂರಿನ ಕಲ್ಲು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಪ್ರಕಟವಾದದ್ದೆಲ್ಲ ತಿಳಿಯಿತೆಂದು ಅರ್ಥವಲ್ಲ. ಅಂಕಿಗಳ ರಾಶಿಯನ್ನು ಜನರಿಗೆ ತಿಳಿಯದ ಮಾತಿನಲ್ಲಿ ಸುರಿದರೆ ಅದು ಬಚ್ಚಿಟ್ಟದ್ದಕ್ಕಿಂತ ಬೇರೆಯಾಗುವುದಿಲ್ಲ. ಒಳ್ಳೆಯ ವರದಿ ಸಾಮಾನ್ಯನ ಭಾಷೆಯಲ್ಲಿರಬೇಕು, ಸಕಾಲಕ್ಕೆ ಬರಬೇಕು, ಹಿಂದಿನ ವರ್ಷದೊಡನೆ ಹೋಲಿಸಲು ಬರುವಂತಿರಬೇಕು. ‘ಅಭಿವೃದ್ಧಿ ಕಾಮಗಾರಿಗೆ ನಾಲ್ಕು ಲಕ್ಷ’ ಎಂದು ಬರೆದರೆ ಯಾರೂ ಏನನ್ನೂ ಕೇಳಲಾರರು. ‘ಕೆಳಗಿನ ಕೇರಿಯ ಚರಂಡಿಗೆ, ನೂರು ಮೀಟರಿಗೆ, ನಾಲ್ಕು ಲಕ್ಷ’ ಎಂದು ಕಾಮಗಾರಿಯ ಬಳಿಯೇ ಫಲಕದಲ್ಲಿ ಬರೆದರೆ ಶಾಲೆಗೆ ಹೋಗುವ ಹುಡುಗನೂ ಹೆಜ್ಜೆ ಹಾಕಿ ಅಳೆದುನೋಡಬಲ್ಲ.

ಇಷ್ಟೆಲ್ಲ ಏರ್ಪಾಡುಗಳಿದ್ದರೂ ಅವು ತಾವಾಗಿ ನಡೆಯುವುದಿಲ್ಲ. ಜನರೇ ಬಾರದ ಗ್ರಾಮಸಭೆಯಲ್ಲಿ ಲೆಕ್ಕ ಓದಿದರೇನು, ಬಿಟ್ಟರೇನು? ಸಭೆ ನಡೆಯದಿದ್ದರೂ ನಡೆದಂತೆ ಪುಸ್ತಕದಲ್ಲಿ ಬರೆದುಕೊಳ್ಳುವುದು ಆಗ ಸುಲಭವಾಗುತ್ತದೆ. ಕೇಳುವವರಿಲ್ಲದ ಕಡೆ ಬೇಲಿಯೇ ಎದ್ದು ಹೊಲ ಮೇಯುವುದುಂಟು. ಕೇಳುವವನೂ ಕೆಲವು ಮರ್ಯಾದೆಗಳನ್ನು ಪಾಲಿಸಬೇಕು. ದ್ವೇಷದಿಂದ ಕೇಳಬಾರದು; ಆಧಾರವಿಲ್ಲದೆ ಯಾರನ್ನೂ ಕಳ್ಳನೆನ್ನಬಾರದು. ವಹಿ ತೋರಿಸಿ, ಅಳತೆ ತೋರಿಸಿ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಪ್ರಾಮಾಣಿಕನಾದ ಅಧಿಕಾರಿ ಅದನ್ನು ಸ್ವಾಗತಿಸುತ್ತಾನೆ. ಅವನ ಹೆಸರನ್ನು ಉಳಿಸುವುದೂ ಆ ವಹಿಯೇ ಅಲ್ಲವೇ?

ನಮ್ಮ ಉದಾಹರಣೆಯಲ್ಲಿ ಇನ್ನೊಂದು ಸಂಗತಿ ಉಳಿದಿದೆ. ಕಟ್ಟದ ಚರಂಡಿಯಿಂದ ಊರಿಗೆ ಆದ ನಷ್ಟ 1,20,000 ರೂಪಾಯಿ. ಜನರು ಕಟ್ಟದೆ ಉಳಿಸಿಕೊಂಡ ತೆರಿಗೆಯೂ 1,20,000 ರೂಪಾಯಿಯೇ. ಅಂಗಳದಲ್ಲಿ ನೀರು ನಿಂತ ಆ ಮನೆಯವಳ ಪಾಲಿಗೆ ಎರಡೂ ಒಂದೇ. ಎರಡರಿಂದಲೂ ಅವಳ ಚರಂಡಿ ಅವಳಿಗೆ ತಪ್ಪುತ್ತದೆ. ತನ್ನ ಪಾಲನ್ನು ಸಕಾಲಕ್ಕೆ ಕಟ್ಟಿ ರಸೀದಿ ಪಡೆದವನು ಸಭೆಯಲ್ಲಿ ತಲೆಯೆತ್ತಿ ಲೆಕ್ಕ ಕೇಳಬಲ್ಲ. ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಿದ ಪಂಚಾಯಿತಿ ಅಂಜಿಕೆಯಿಲ್ಲದೆ ತೆರಿಗೆ ಕೇಳಬಲ್ಲದು. ಕೊಡುವುದು, ಕೇಳುವುದು, ಒಪ್ಪಿಸುವುದು ಈ ಮೂರೂ ಕೂಡಿದಾಗ ಊರಿನ ಹಣ ಊರಿಗೆ ಸಲ್ಲುತ್ತದೆ.

ಹದಿನೆಂಟು ವರ್ಷ ತುಂಬಿ ಮತದಾರರಾದ ದಿನ ನೀವೂ ಗ್ರಾಮಸಭೆಯ ಸದಸ್ಯರಾಗುತ್ತೀರಿ. ಅದಕ್ಕೆ ಇನ್ನೂ ಕೆಲವು ವರ್ಷಗಳಿವೆ. ಆದರೆ ಪಂಚಾಯಿತಿಯ ಗೋಡೆಯ ಮೇಲೆ ಹಚ್ಚಿದ ಲೆಕ್ಕದ ಪಟ್ಟಿಯನ್ನು ನಿಂತು ಓದಲು ವಯಸ್ಸಿನ ನಿರ್ಬಂಧವಿಲ್ಲ. ಕೂಡುವುದು, ಕಳೆಯುವುದು, ಅಳೆಯುವುದು ನಿಮಗೆ ಆಗಲೇ ಬರುತ್ತದೆ. ಆ ವಿದ್ಯೆಯನ್ನು ಒಮ್ಮೆ ನಿಮ್ಮ ಬೀದಿಯ ಚರಂಡಿಯ ಮೇಲೆ ಪ್ರಯೋಗಿಸಿ ನೋಡಿರಿ.